ನನ್ನ ಗೆಲುವಿನ ಮನೆಪಟ್ಟಿ

ಕೋರ್ಟಿನಲ್ಲಿ ಗೆದ್ದವ ಸೋತ, ಸೋತವ ಸತ್ತ ಎಂಬ ಗಾದೆಯನ್ನು ಸೋತವರೇ ಕಟ್ಟಿರಬೇಕೆಂದು ಬಹಳ ದಿನ ನಂಬಿದ್ದೆ. ಈಗ ಗೆದ್ದು ಕೂತಿದ್ದೇನೆ. ಓಣಿಯಲ್ಲಿ ತಲೆ ಎತ್ತಿ ನಡೆಯುವುದಾಗುತ್ತಿಲ್ಲ.

ನಾನು ಮುನ್ಸಿಪಾಲಿಟಿಯಲ್ಲಿ ಮನೆಪಟ್ಟಿ, ಎಂದರೆ ಮನೆಯ ಕಂದಾಯ, ವಸೂಲಿ ಮಾಡುವ ಕಾರಕೂನ. ಪಟ್ಟಿ ಬಾಕಿ ಉಳಿಸಿಕೊಂಡ ಒಂದು ಮನೆಯಿಂದ ಕಾಯಿದೆಯ ಪ್ರಕಾರ ನೀರು ಕಾಯಿಸುವ ತಾಮ್ರದ ಹಂಡೆ ಜಪ್ತಿ ಮಾಡಿದೆ. ಅದು ನಮ್ಮ ಅಧ್ಯಕ್ಷರ ಬೀಗರ ಮನೆ. ಅಂದು ಒಳಗೆ ಮೈತುಂಬ ಎಣ್ಣೆ ಹಚ್ಚಿಸಿಕೊಂಡು ಕೂತಿದ್ದ ಅಳಿಯ, ಅಧ್ಯಕ್ಷರ ಸ್ವಂತ ಮಗ. ಆ ಎಣ್ಣೆ ಆರುವುದರೊಳಗೆ ನನ್ನ ನೌಕರಿ ಹೋಯಿತು.

ದಾವೆ ಹೂಡಿದೆ. ಹುಬ್ಬಳ್ಳಿಯಿಂದ ಧಾರವಾಡದ ಕೋರ್ಟಿಗೆ ರಾಯಾಪುರದ ಮೇಲೆ ಹಾದು ನಡೆದೇ ಹೋಗುತ್ತಿದ್ದೆ. ಆಗ ನಮ್ಮನ್ನು ಸಾಕಿದ್ದು ಓಣಿ. ಎದುರುಮನೆಯ ಹುಸೇನಸಾಬರು ಪಾತ್ರೆಗೆ ಕಲಾಯಿ ಹಾಕುವವರು. ನಮ್ಮ ಪಾತ್ರೆಗಳನ್ನು ಪುಕ್ಕಟೆ ಬೆಳಗಿಸಿಕೊಟ್ಟರು. ಅದರಲ್ಲಿ ಬೇಯಿಸಲು ಏನಿದೆ ಎಂದು ಕೇಳಲಿಲ್ಲ, ಮರುದಿನ ಜೋಳ ಕಳಿಸಿದರು. ಎಮ್ಮೆ ಕಟ್ಟಿದ ಬಸವ್ವಕ್ಕ ಮಜ್ಜಿಗೆ ತಪ್ಪಿಸಲಿಲ್ಲ.

ಗೆದ್ದೆ. ನೌಕರಿ ಬಂತು, ತಪ್ಪಿದ ಪಗಾರವೆಲ್ಲ ಒಟ್ಟಿಗೇ ಬಂತು. ಓಣಿಯವರೇ ಪೇಡೆ ಹಂಚಿದರು. ಆದರೆ ಆ ಹಣವನ್ನು ಮುನ್ಸಿಪಾಲಿಟಿ ಎಲ್ಲಿಂದ ತರಬೇಕು? ಮನೆಪಟ್ಟಿ ಏರಿಸಿತು. ಏರಿದ ಪಟ್ಟಿಯ ವಸೂಲಿಗೆ ನಮ್ಮ ಓಣಿಗೆ ಅಧ್ಯಕ್ಷರು ನನ್ನನ್ನೇ ಹಾಕಿದರು. ಒಲ್ಲೆನೆಂದರೆ ನೌಕರಿ ಮತ್ತೆ ಹೋಗುತ್ತದೆ. ಹೂಂ ಎಂದರೆ ಓಣಿಯೇ ಹೋಗುತ್ತದೆ. ನಾನು ಹೂಂ ಎಂದೆ.

ಹುಸೇನಸಾಬರು ಚೌಕಾಸಿ ಮಾಡದೆ ಕೊಟ್ಟರು. "ಕಾರಕೂನ್ರ, ನಿಮ್ಮ ಮನ್ಯಾಗ ಮದುವಿಲ್ಲ, ಮುಂಜಿವಿಲ್ಲ. ಆದ್ರೂ ಓಣಿ ಎಲ್ಲಾ ಆಯೇರಿ-ಉಡುಗೊರಿ ಮಾಡೂದು ಬಂತ್ ನೋಡ್ರಿ," ಎಂದು ನಕ್ಕರು. "ಊಟಕ್ಕ ಯಾವಾಗ ಕರೀತೀರಿ?" ಬೈದಿದ್ದರೆ ಕಾಯಿದೆ ಹೇಳಬಹುದಿತ್ತು, ನಗುವುದಕ್ಕೆ ಕಾಯಿದೆಯಲ್ಲಿ ಕಲಮು ಇಲ್ಲ. ಬಸವ್ವಕ್ಕ ಬಿಸಿಲಲ್ಲಿ ಬಂದೆನೆಂದು ಮೊದಲು ಮಜ್ಜಿಗೆ ಕುಡಿಸಿ, ಆಮೇಲೆ ಸೆರಗಿನ ಗಂಟು ಬಿಚ್ಚಿದಳು. ಲೋಟ ಕೆಳಗಿಟ್ಟು ರಸೀತಿ ಹರಿದುಕೊಟ್ಟೆ.

ಕೊನೆಗೆ ಉಳಿದದ್ದು ನನ್ನದೇ ಮನೆ. ಬಾಗಿಲು ಬಡಿದೆ. ಕಿಡಕಿಯಿಂದ ನನ್ನನ್ನು ನೆಟ್ಟಗೆ ನೋಡಿಯೇ ಹೆಂಡತಿ ಹೇಳಿದಳು:

"ಮನಿಯವ್ರು ಇಲ್ರಿ. ಓಣ್ಯಾಗ ಮುಖಾ ತೋರ್ಸಲಾರದ ಎಲ್ಲೋ ಹೋಗ್ಯಾರ. ನಾಳೆ ಬರ್ರಿ."

ಇಷ್ಟು ವರ್ಷ ಇಂಥ ಉತ್ತರ ಕೇಳಿದಾಗಲೆಲ್ಲ ಸುಳ್ಳೆಂದು ಕಟ್ಟೆಯ ಮೇಲೆ ಕೂತುಬಿಡುತ್ತಿದ್ದೆ. ಅಂದು ಮಾತ್ರ ಒಂದಕ್ಷರ ಅನುಮಾನಿಸದೆ, 'ಬಾಕಿ' ಎಂದು ಬರೆದುಕೊಂಡು ಹೊರಟೆ.