ನಮ್ಮೂರ ಬ್ಯಾಂಡಿನ ಗುಮ್ಮ

ಪರಸ್ಥಳದಲ್ಲಿ ಯಾರಾದರೂ ‘ನಿಮ್ಮ ಊರು ಯಾವುದು?’ ಎಂದು ಕೇಳಿದರೆ ತಟ್ಟನೆ ಹೇಳಿಬಿಡಬಾರದು. ಹೇಳಿದಿರೋ, ಆ ಊರಿನ ಬದನೆಕಾಯಿಯಿಂದ ಹಿಡಿದು ಬಸವಣ್ಣನ ಗುಡಿಯವರೆಗೆ ಎಲ್ಲಕ್ಕೂ ನೀವೇ ಜವಾಬ್ದಾರರು. ಮೈಸೂರಿನ ಕಾಲೇಜೊಂದರಲ್ಲಿ ನಾನು ಹೊಸದಾಗಿ ಭೌತಶಾಸ್ತ್ರದ ಮೇಷ್ಟ್ರಾಗಿ ಸೇರಿದಾಗ ನಮ್ಮ ಪ್ರಿನ್ಸಿಪಾಲರು ಇದೇ ಪ್ರಶ್ನೆ ಕೇಳಿದರು. ‘ಕೃಷ್ಣರಾಜನಗರ’ ಎಂದೆ. ಅವರು ಮೇಜು ತಟ್ಟಿ, ‘ಹಾಗಾದರೆ ಆ ಕಡೆಯ ಸಂಗೀತ ನಿಮ್ಮದು’ ಎಂದರು. ನನಗೆ ಸಂಗೀತ ಬರುವುದಿಲ್ಲ ಎಂದು ಹೇಳುವಷ್ಟರಲ್ಲಿ ಅವರು ಬೇರೆ ಫೈಲು ಬಿಚ್ಚಿದ್ದರು.

ನಮ್ಮ ಕಾಲೇಜಿಗೊಂದು ರೇಡಿಯೋ ಇತ್ತು. ರೇಡಿಯೋ ಅಂದರೆ ಆಕಾಶದಲ್ಲಿ ಹಾರಿ ಬರುವಂಥದ್ದಲ್ಲ. ಪ್ರಯೋಗಶಾಲೆಯ ಮಗ್ಗುಲ ಕೋಣೆಯಲ್ಲಿ ಒಂದು ಮೈಕು, ಅಲ್ಲಿಂದ ಹೊರಟ ತಂತಿ, ತಂತಿಯ ತುದಿಗೆ ಹಾಸ್ಟೆಲಿನ ಊಟದ ಮನೆಯಲ್ಲಿ ನೇತುಹಾಕಿದ್ದ ಲೌಡ್‌ಸ್ಪೀಕರು, ಇಷ್ಟೆ. ಶನಿವಾರ ಮಧ್ಯಾಹ್ನ ಹುಡುಗರು ಸಾರನ್ನ ಕಲಸುತ್ತಿರುವಾಗ ನಾವು ಅವರಿಗೆ ಸಂಸ್ಕೃತಿಯನ್ನು ಬಡಿಸುತ್ತಿದ್ದೆವು. ಏಳಿಸಿ ಕಳಿಸಿದರೂ ಹೋಗದ ಶ್ರೋತೃಗಳು ಸಿಗುವುದು ಊಟದ ಮನೆಯಲ್ಲಿ ಮಾತ್ರ ಎಂಬುದು ಪ್ರಿನ್ಸಿಪಾಲರ ಸಿದ್ಧಾಂತ. ಆ ವರ್ಷ ಅವರು ಯಾರನ್ನೋ ಕಾಡಿ ಬೇಡಿ ಒಂದು ಟೇಪ್ ರಿಕಾರ್ಡರ್ ತರಿಸಿದ್ದರು. ಅದರ ಭಾರ ಮದುವೆ ಹೆಣ್ಣಿನ ಟ್ರಂಕಿನಷ್ಟು. ಜೋಪಾನ ಮದುವೆ ಹೆಣ್ಣಿಗಿಂತ ಹೆಚ್ಚು.

ಅದರಲ್ಲಿ ನಮ್ಮ ಕಡೆಯ ಸಂಗೀತವನ್ನು ಹಿಡಿದು ತರುವುದು ನನ್ನ ಪಾಲಿಗೆ ಬಂದ ಕೆಲಸ. ನನಗೆ ನೆನಪಾದದ್ದು ನಮ್ಮೂರ ಬ್ಯಾಂಡು. ಕೆಂಪು ಕೋಟು, ಹಿತ್ತಾಳೆ ಗುಂಡಿ, ಬೆಲ್ಟು ಸಡಿಲವಾದ ಹೊಟ್ಟೆಗಳು. ಹುಣಸೂರು, ಪಿರಿಯಾಪಟ್ಟಣದವರೆಗೂ ಮದುವೆಗೆ ಅವರೇ, ಹೆಣಕ್ಕೂ ಅವರೇ. ಯಜಮಾನ ನಂಜುಂಡಪ್ಪ ಕ್ಲಾರಿನೆಟ್ ಊದುತ್ತಿದ್ದ. ಅವನ ಹೆಸರು ಎಲ್ಲರಿಗೂ ಗೊತ್ತು. ರಾಚಪ್ಪನ ಹೆಸರು ಯಾರಿಗೂ ಗೊತ್ತಿರಲಿಲ್ಲ. ಮೈಗೆ ಸುತ್ತಿಕೊಂಡು ಊದುವ, ಎಲ್ಲಕ್ಕಿಂತ ದಪ್ಪ ಸ್ವರದ ದೊಡ್ಡ ಹಿತ್ತಾಳೆ ವಾದ್ಯ ಅವನದು. ಬ್ಯಾಂಡಿನವರು ಅದನ್ನು ಗುಮ್ಮ ಎನ್ನುತ್ತಿದ್ದರು. ಗುಮ್ಮ ಹಾಡುವುದಿಲ್ಲ, ‘ಹೂಂ, ಹೂಂ’ ಎಂದು ಮಿಕ್ಕವರ ಮಾತಿಗೆಲ್ಲ ಹೂಂಗುಟ್ಟುತ್ತದೆ, ನಾನು ಪ್ರಿನ್ಸಿಪಾಲರ ಮುಂದೆ ಮಾಡುವ ಹಾಗೆ.

ಮಾತಾಡಿ ಬರಲು ಊರಿಗೆ ಹೋದಾಗ ನಂಜುಂಡಪ್ಪ ತಕ್ಷಣ ಒಪ್ಪಿದ. ಯಂತ್ರಕ್ಕೆ ಕರೆಂಟು ಬೇಕಲ್ಲ, ಅಕ್ಕಿ ಗಿರಣಿಯ ಸಾಹುಕಾರರು ರಜೆಯ ದಿನ ಗಿರಣಿಯಲ್ಲೇ ನುಡಿಸಿಕೊಳ್ಳಿ ಎಂದರು. ಹೊರಡುವಾಗ ರಾಚಪ್ಪ ಹಿಂದೆ ಬಂದ. ಬಡಕಲು ಆಳು, ಕೆಮ್ಮು ಬೇರೆ. ‘ಮೇಷ್ಟ್ರೇ, ಒಂದ್ ಮಾತು. ರೇಡಿಯೋದಾಗೆ ನನ್ ಗುಮ್ಮದ್ ಸದ್ದು ಬ್ಯಾರೆಯಾಗಿ ಕೇಳ್ತದಾ?’

‘ಮೈಕನ್ನ ನಿನ್ನ ಹತ್ತಿರಾನೇ ಇಡ್ತೀನಿ ರಾಚಪ್ಪ.’

‘ಅಂಗ್ ಮಾಡಿ. ನಮ್ಮನೇವಳು ಅಂತಾಳೆ, ನೀ ಊದಿದ್ರೂ ಒಂದೇಯ, ಬುಟ್ರೂ ಒಂದೇಯ ಅಂತ. ಒಂದ್ ಸಲ ಅವಳ್ನೂ ಮೈಸೂರಿಗೆ ಕರ್ಕಬತ್ತೀನಿ, ಕೇಳ್ಲಿ.’

ಗೊತ್ತುಮಾಡಿದ್ದ ದಿನ ಬೆಳಿಗ್ಗೆ ರೈಲಿನಲ್ಲಿ ಯಂತ್ರವನ್ನು ತೊಡೆಯ ಮೇಲಿಟ್ಟುಕೊಂಡು ಬಂದಿಳಿದೆ. ಜಟಕಾದಲ್ಲಿ ಗಿರಣಿ ಸೇರಿ, ತಂತಿ ಜೋಡಿಸಿ, ‘ಹಲೋ, ಹಲೋ’ ಎಂದು ಹೊಟ್ಟಿನ ರಾಶಿಗೆ ಭಾಷಣ ಮಾಡಿ ಮುಗಿಸಿದರೂ ಯಾರೂ ಬರಲಿಲ್ಲ. ಕೊನೆಗೆ ನಂಜುಂಡಪ್ಪ ಒಬ್ಬನೇ ಬಂದ. ಕೆಂಪು ಕೋಟು ಹಾಕಿದ್ದ, ಕಾಲಲ್ಲಿ ಚಪ್ಪಲಿ ಇರಲಿಲ್ಲ.

‘ರಾಚಪ್ಪ ಓಗ್ಬುಟ್ಟ ಮೇಷ್ಟ್ರೇ. ಬೆಳಗ್ಗೆ ಎದ್ದು ಕೋಟಿನ ಗುಂಡಿ ಉಜ್ತಾ ಕುಂತಿದ್ನಂತೆ. ಕೆಮ್ಮು ಬಂತು, ರಕ್ತ ಬಂತು. ಅಷ್ಟೇಯ.’

ನಾನು ಯಂತ್ರವನ್ನು ಆರಿಸಿದೆ. ಭೌತಶಾಸ್ತ್ರ ಓದಿದವನಿಗೆ ಅಷ್ಟೇ ಹೊಳೆಯುವುದು.

ಗಿರಣಿಗೆ ಬೀಗ ಹಾಕಿಸಿ ಅವನ ಜೊತೆ ಹೊರಟೆ. ರಾಚಪ್ಪನನ್ನು ಬೊಂಬು ಕಟ್ಟಿ ಮಾಡಿದ ವಿಮಾನದಲ್ಲಿ ಕೂರಿಸಿದ್ದರು. ನಮ್ಮವರಲ್ಲಿ ಸತ್ತವರನ್ನು ಮಲಗಿಸುವುದಿಲ್ಲ, ಕೂರಿಸಿಯೇ ಮೆರವಣಿಗೆ. ಹಣೆ ತುಂಬ ವಿಭೂತಿ, ಮೈಗೆ ಅದೇ ಕೆಂಪು ಕೋಟು. ಗುಂಡಿಗಳಲ್ಲಿ ಅರ್ಧ ಫಳಫಳ, ಮಿಕ್ಕರ್ಧ ಮಂಕು. ಹೆಂಡತಿ ಗೌರಮ್ಮ ಕಂಬಕ್ಕೊರಗಿ ಕೂತಿದ್ದಳು. ಬೆಳಗಿನಿಂದ ಒಂದು ಹನಿ ಅತ್ತಿಲ್ಲ ಎಂದು ಹೆಂಗಸರು ಹೆದರಿದ್ದರು.

ಬ್ಯಾಂಡು ಜೋಡಿಜೋಡಿಯಾಗಿ ನಿಂತಿತು. ದೊಡ್ಡ ಡೋಲಿನವನ ಪಕ್ಕದ ಜಾಗ ಖಾಲಿ. ನಂಜುಂಡಪ್ಪ ಅದನ್ನೊಮ್ಮೆ ನೋಡಿ, ಗುಮ್ಮವನ್ನು ತಂದು ನನ್ನ ಕೊರಳಿಗೆ ಇಳಿಬಿಟ್ಟ. ‘ಅವ್ನ್ ಜಾಗ ಬೋಳು ಬುಟ್ಟು ನಡಿಯಕಾಗಕಿಲ್ಲ. ನೀವು ಊದ್ಬ್ಯಾಡಿ. ಊದೋ ಅಂಗೆ ಕೆನ್ನೆ ಉಬ್ಬಿಸ್ಕಂಡು ಬನ್ನಿ, ಸಾಕು.’

ತಲೆಗೊಂದು ಟೋಪಿಯನ್ನೂ ಇಟ್ಟರು. ಅದು ಕಣ್ಣಿನವರೆಗೆ ಇಳಿಯಿತು. ಹಾಗೆ ನಾನು, ಎಂ.ಎಸ್ಸಿ. ಪದವೀಧರ, ಹುಟ್ಟಿ ಬೆಳೆದ ಬೀದಿಯಲ್ಲಿ ಕೆನ್ನೆ ಉಬ್ಬಿಸಿಕೊಂಡು ಹೆಣದ ಮುಂದೆ ನಡೆದೆ. ನಮ್ಮ ಸೋದರತ್ತೆ ಜಗಲಿಯಿಂದ ನೋಡಿ, ‘ಅಯ್ಯೋ, ಮೈಸೂರಲ್ಲಿ ಕೆಲಸ ಹೋಯ್ತಂತಾ?’ ಎಂದು ಕೂಗಿದಳು. ನಾನು ಕೆನ್ನೆ ಇಳಿಸುವಂತಿರಲಿಲ್ಲ.

ಸಂತೆಮಾಳದ ತಿರುವಿನಲ್ಲಿ ಗಾಡಿ ಹರಿದು ಹಳ್ಳ ಬಿದ್ದಿತ್ತು. ಟೋಪಿಯ ದೆಸೆಯಿಂದ ಅದು ಕಾಣದೆ ಕಾಲು ಜಾರಿತು. ಕೆನ್ನೆಯಲ್ಲಿ ತಡೆದಿಟ್ಟಿದ್ದ ಉಸಿರಷ್ಟೂ ಗುಮ್ಮದೊಳಕ್ಕೆ ನುಗ್ಗಿತು. ಕರು ಕಳಕೊಂಡ ಎಮ್ಮೆ ಬಾವಿಗೆ ಬಾಯಿಟ್ಟು ಕೂಗಿದಂಥ ಒಂದು ಸದ್ದು ಹೊರಟಿತು. ಡೋಲು ನಿಂತಿತು, ಕ್ಲಾರಿನೆಟ್ ನಿಂತಿತು, ವಿಮಾನ ಹೊತ್ತವರೂ ನಿಂತರು.

‘ಅದ್ಯಾರು ಊದಿದ್ದು?’ ಹಿಂದಿನಿಂದ ಗೌರಮ್ಮನ ದನಿ. ಹೆಂಗಸರನ್ನು ತಳ್ಳಿಕೊಂಡು ಮುಂದೆ ಬಂದಳು. ನನ್ನನ್ನು, ಗುಮ್ಮವನ್ನು ದಿಟ್ಟಿಸಿದಳು. ‘ಅವ್ರು ಅಂಗೆ ಊದ್ತಿರ್ಲಿಲ್ಲ ಕಣ್ರಪ್ಪ! ಜಲ್ಮೆಲ್ಲ ಕಿವಿ ಮುಚ್ಕಂಡೇ ಬಾಳ್ವೆ ಮಾಡ್ದೆ, ಆದ್ರೂ ನಂಗ್ ಗೊತ್ತು, ಅವ್ರು ಅಂಗೆ ಊದ್ತಿರ್ಲಿಲ್ಲ!’ ಎಂದು ವಿಮಾನದ ಬೊಂಬು ಹಿಡಿದು ಅಲ್ಲೇ ಕುಸಿದು, ಎದೆ ಬಿರಿಯುವ ಹಾಗೆ ಅತ್ತಳು.

ವಿಮಾನ ಹೊತ್ತಿದ್ದ ಮುದುಕನೊಬ್ಬ ನನ್ನ ಕಿವಿಯಲ್ಲಿ, ‘ಒಳ್ಳೇ ಕೆಲ್ಸ ಮಾಡಿದ್ರಿ ಮೇಷ್ಟ್ರೇ, ಅಳು ಬಂತು’ ಎಂದ. ಜೀವಮಾನದಲ್ಲಿ ನನ್ನ ಸಂಗೀತಕ್ಕೆ ಸಿಕ್ಕಿದ ಮೆಚ್ಚುಗೆ ಅದೊಂದೇ.

ಸಮಾಧಿಗೆ ತೋಡಿದ್ದ ಗುಂಡಿಯ ಬಳಿ ನಂಜುಂಡಪ್ಪ ಮತ್ತೆ ನುಡಿಸಿದ. ಅಷ್ಟು ಮದುವೆಗಳಲ್ಲಿ ಆ ಬ್ಯಾಂಡನ್ನು ಕೇಳಿದ್ದೆನಲ್ಲ, ಗುಮ್ಮದ ಸದ್ದನ್ನು ಒಮ್ಮೆಯೂ ಗಮನಿಸಿರಲಿಲ್ಲ. ಅದು ಇಲ್ಲದ್ದು ಮಾತ್ರ ಆವತ್ತು ಚೆನ್ನಾಗಿ ಕೇಳಿಸಿತು. ಕ್ಲಾರಿನೆಟ್ಟಿನ ಸ್ವರ ಕೂರಲು ನೆಲ ಸಿಗದೆ ಅಲೆದಾಡುತ್ತಿತ್ತು. ಮಣ್ಣು ಮುಚ್ಚಿದ ಮೇಲೆ ರಿಕಾರ್ಡಿನ ಮಾತು ಎತ್ತಬೇಕೋ ಬೇಡವೋ ಎಂದು ನಾನು ನಿಂತಿರುವಾಗ ಅವನೇ ಹೇಳಿದ: ‘ಬುಡಿ ಮೇಷ್ಟ್ರೇ. ಇನ್ನು ರೇಡಿಯೋಗೆ ಏನಂತ ಬಾರ್ಸದು.’

ಶನಿವಾರ ಬಂತು. ಟೇಪಿನಲ್ಲಿದ್ದದ್ದು ನನ್ನ ‘ಹಲೋ, ಹಲೋ’ ಮಾತ್ರ. ಮೈಕಿನ ಮುಂದೆ ಕೂತು ನಡೆದದ್ದನ್ನೆಲ್ಲ ನಡೆದ ಹಾಗೆಯೇ ಹೇಳಿದೆ: ಅರ್ಧ ಉಜ್ಜಿದ ಗುಂಡಿ, ಟೋಪಿ, ಹಳ್ಳ. ಸದ್ದು ಹೇಗಿತ್ತು ಎಂದು ಬರೀ ಮಾತಿನಲ್ಲಿ ಹೇಳಲಾಗದೆ ಬಾಯಿಂದಲೇ ಊದಿ ತೋರಿಸಿದೆ. ಗೌರಮ್ಮನ ಮಾತನ್ನು ಅವಳು ಅಂದ ಹಾಗೆಯೇ ಅಂದೆ. ಅಷ್ಟರಲ್ಲಿ ಅಂಗಳದಾಚೆ ಹಾಸ್ಟೆಲಿನಿಂದ ಏನೋ ಭೋರ್ಗರೆಯಿತು. ಹುಡುಗರು ನಗುತ್ತಿದ್ದರು. ತಟ್ಟೆ ಬಡಿದುಕೊಂಡು ನಗುತ್ತಿದ್ದರು.

ಹೊರಗೆ ಬಂದರೆ ಪ್ರಿನ್ಸಿಪಾಲರು ಕಣ್ಣೊರೆಸಿಕೊಳ್ಳುತ್ತ ನಿಂತಿದ್ದರು. ಇವರಾದರೂ ಅತ್ತರಲ್ಲ ಎಂದುಕೊಂಡೆ. ಅವರು ನನ್ನ ಬೆನ್ನು ತಟ್ಟಿ, ‘ಏನ್ರೀ, ಇಷ್ಟು ದಿನ ಎಲ್ಲಿ ಬಚ್ಚಿಟ್ಟಿದ್ದಿರಿ ಈ ಹಾಸ್ಯಾನ! ಆ ಹೆಂಗಸಿನ ಮಾತಂತೂ... ನೀವೇ ಕಟ್ಟಿದ್ದಾ? ತಿಂಗಳಿಗೊಂದು ಇಂಥದ್ದು ಕೊಡಿ’ ಎಂದರು.

ಆ ಮಾತು ನಾನು ಕಟ್ಟಿದ್ದಲ್ಲ, ಆಕೆ ಸಂತೆಮಾಳದ ಧೂಳಿನಲ್ಲಿ ಕೂತು ಅತ್ತದ್ದು ಎಂದು ಹೇಳಬೇಕೆಂದು ಬಾಯಿ ತೆರೆದೆ. ಬಾಯಿಂದ ಬಂದದ್ದು, ‘ಆಗಲಿ ಸಾರ್.’ ಕೋಣೆಗೆ ಬಂದು ಕನ್ನಡಿಯಲ್ಲಿ ಮುಖ ನೋಡಿಕೊಂಡೆ. ಹೇಳಲು ನಾಚಿಕೆಯಾಗುತ್ತದೆ, ಮುಖದ ಮೇಲೆ ಸಣ್ಣದೊಂದು ನಗು ಇತ್ತು. ಹೊಗಳಿದರಲ್ಲ!