ಎರಡನೇ ಬಾಡಿ

ಪ್ಯಾಂಟು ಇನ್ನೂ ಒಂದೇ ಕಾಲಿಗೆ ಏರಿತ್ತು, ಅಷ್ಟರಲ್ಲಿ ಫೋನು ಬಂತು. ಆ ಕಡೆ ಶಾಲೆಯ ಹೆಡ್‌ಮಿಸ್.

"ನಾಳೆ ಆಟೋಟ ಇದೆ, ನೆನಪಿದೆ ತಾನೆ? ಹೋದ ವರ್ಷ ನಾನೂರು ಮಕ್ಕಳನ್ನ ಬಿಸಿಲಲ್ಲಿ ಸಾಲಾಗಿ ನಿಲ್ಲಿಸಿದ ಮೇಲೆ ನಿಮ್ಮ ಕ್ಯಾಮೆರಾ ಕಣ್ಣುಮುಚ್ಚಿತು. ಈ ಸಲ ಎರಡು ಕ್ಯಾಮೆರಾ ತಂದ್ರೆ ಬನ್ನಿ. ಇಲ್ದಿದ್ರೆ ಮನೇಲೇ ಇರಿ."

ಎದುರು ನಿಂತವರಿಗೆಲ್ಲ "ಅಲ್ಲಾಡಬೇಡಿ, ಅಲ್ಲಾಡಬೇಡಿ" ಎಂದು ಹೇಳಿ ಹೇಳಿ, ಈ ಫೋಟೋಗ್ರಾಫರಿಗೆ ಬೀದಿಯಲ್ಲಿ ಅಲ್ಲಾಡಬೇಡಿ ಎಂಬುದೇ ಹೆಸರಾಗಿಬಿಟ್ಟಿತ್ತು. ಅವರ ಮನಸ್ಸು ಮಾತ್ರ ಕಿಟಕಿಯ ಪರದೆಯಂತೆ ಸದಾ ಅಲ್ಲಾಡುತ್ತಲೇ ಇರುತ್ತಿತ್ತು. ವರ್ಷಕ್ಕೊಮ್ಮೆ ಬರುವ ದೊಡ್ಡ ಕೆಲಸವೆಂದರೆ ಶಾಲೆಯದೊಂದೇ. ಕೈತಪ್ಪಿದರೆ ಉಳಿದ ಹನ್ನೊಂದು ತಿಂಗಳೂ ಪಾಸ್‌ಪೋರ್ಟ್ ಸೈಜಿನ ಮುಖಗಳೇ ಗತಿ.

"ನನಗಿವತ್ತು ಎರಡನೇ ಬಾಡಿ ಬೇಕೇ ಬೇಕು" ಎಂದರು ಹೆಂಡತಿಗೆ. ಲೆನ್ಸು ಬಿಟ್ಟು ಉಳಿದ ಕ್ಯಾಮೆರಾಕ್ಕೆ ಅವರ ಕಸುಬಿನಲ್ಲಿ ಬಾಡಿ ಎನ್ನುತ್ತಾರೆ.

"ಇರೋ ಒಂದು ಬಾಡೀನೇ ಸೊಂಟನೋವು ಅಂತ ಭಾನುವಾರ ಪೂರ್ತಿ ಮಲಗಿರುತ್ತೆ. ಇನ್ನೊಂದನ್ನ ಎಲ್ಲಿ ಮಲಗಿಸ್ತೀರಿ?" ಎಂದಳು ಆಕೆ.

ಸ್ಟುಡಿಯೋದ ಬಾಗಿಲು ತೆಗೆಯುವಷ್ಟರಲ್ಲಿ ಪಕ್ಕದ ಟೈಲರಿಗೆ ಸುದ್ದಿ ಮುಟ್ಟಿತ್ತು. ಆತ ಟೇಪನ್ನು ಕೊರಳಿಗೆ ಹಾಕಿಕೊಂಡೇ ಹೊರಟುಬಂದ. ಯಾರು ಏನು ಕೊಳ್ಳಲು ಹೊರಟರೂ ಜತೆಗೆ ಹೋಗುವುದು ಆತನ ಹುಟ್ಟುಗುಣ.

ದಾರಿಯುದ್ದಕ್ಕೂ ಅಲ್ಲಾಡಬೇಡಿಯವರು "ಕ್ರಾಪೋ, ಫುಲ್ಲೋ" ಎಂದು ಗೊಣಗುತ್ತಿದ್ದರು. "ಏನದು ಕ್ರಾಪು, ಏನದು ಫುಲ್ಲು?" ಟೈಲರು ಕೇಳಿದ.

"ಕ್ಯಾಮೆರಾದೊಳಗೆ ಚಿತ್ರ ಹಿಡಿಯೋ ಒಂದು ಬಿಲ್ಲೆ ಇರುತ್ತೆ. ದೊಡ್ಡದಿದ್ರೆ ಫುಲ್ ಫ್ರೇಮ್. ಚಿಕ್ಕದಿದ್ರೆ ಕ್ರಾಪ್, ಅಂದ್ರೆ ಸುತ್ತಲಿನ ಅಂಚು ಕತ್ತರಿಸಿ ಹೋಗುತ್ತೆ."

"ನಾನು ಎರಡಿಂಚು ಜಾಸ್ತಿ ಕತ್ತರಿಸಿದ್ರೆ ಬೀದಿಗೆಲ್ಲ ಕೇಳೋ ಹಾಗೆ ಬೈತೀರಿ. ಅವನು ಕತ್ತರಿಸಿದ್ದಕ್ಕೆ ದುಡ್ಡು ಕೊಟ್ಟು ಬರ್ತೀರಾ?"

ಅಲ್ಲಾಡಬೇಡಿಯವರ ಮನಸ್ಸು ಫುಲ್ ಫ್ರೇಮಿನತ್ತ ವಾಲಿತು.

ಕ್ಯಾಮೆರಾ ಅಂಗಡಿಯಲ್ಲಿ ಎರಡೂ ಬಗೆಯದು ಒಂದೊಂದೇ ಉಳಿದಿತ್ತು. ಮಾಲೀಕ ಎರಡನ್ನೂ ಗಾಜಿನ ಮೇಲಿಟ್ಟ. ಫುಲ್ ಫ್ರೇಮು ಅಮ್ಮಿಕಲ್ಲಿನಷ್ಟು ಭಾರ. ಕ್ರಾಪು ಹೂವಿನಂತೆ ಹಗುರ. ಮನಸ್ಸು ಇತ್ತ ವಾಲಿತು.

"ಸ್ವಲ್ಪ ನಿಲ್ಲು, ನೋಡೋಣ" ಎಂದು ಟೈಲರನನ್ನು ಗೋಡೆಗೆ ನಿಲ್ಲಿಸಿದರು. ಫುಲ್ ಫ್ರೇಮಿನಲ್ಲಿ ಟೈಲರು, ಅವನ ಹೊಟ್ಟೆ, ಅರ್ಧ ಅಂಗಡಿ ಎಲ್ಲವೂ ಬಂತು. ಅದೇ ಲೆನ್ಸನ್ನು ಕ್ರಾಪಿಗೆ ಹಾಕಿದರೆ ಬರೀ ಮೂಗು ಮೀಸೆ.

"ಹೊಟ್ಟೆ ಬೇಡ್ವಾ ನಂದು?" ಟೈಲರಿಗೆ ಅವಮಾನವಾಯಿತು.

"ತಡಿ, ಹಿಂದೆ ಸರಿದ್ರೆ ಬರುತ್ತೆ." ಕಣ್ಣಿಗೆ ಕ್ಯಾಮೆರಾ ಒತ್ತಿಕೊಂಡೇ ಅವರು ಹಿಂದೆ ಸರಿದರು. ಮೀಸೆಯ ಕೆಳಗೆ ಗದ್ದ ಬಂತು. ಇನ್ನೂ ಸರಿದರು. ಅಂಗಿಯ ಗುಂಡಿ ಬಂತು. ಹೊಸ್ತಿಲು ದಾಟಿತು, ಮೆಟ್ಟಿಲು ತಪ್ಪಿತು. "ಕ್ಯಾಮೆರಾ ಹೋಯ್ತು, ಹಿಡೀರಿ" ಎಂದು ಮಾಲೀಕ ಕೂಗಿದ್ದೇ ತಡ, ಗಾಬರಿಯಲ್ಲಿ ದಿಕ್ಕು ತಪ್ಪಿ ಪಕ್ಕದ ಕ್ಷೌರದಂಗಡಿಗೆ ಹಿಮ್ಮುಖವಾಗಿ ನುಗ್ಗಿ, ಖಾಲಿ ಕುರ್ಚಿಯಲ್ಲಿ ಧೊಪ್ಪನೆ ಕುಳಿತರು.

ಕುರ್ಚಿಯಲ್ಲಿ ಕುಳಿತವರನ್ನು ಏನು ಎತ್ತ ಎಂದು ಕೇಳುವ ಅಭ್ಯಾಸ ಕ್ಷೌರಿಕನಿಗಿರಲಿಲ್ಲ. ಅವರು ಉಸಿರು ಎಳೆದುಕೊಳ್ಳುವಷ್ಟರಲ್ಲಿ ಕೊರಳಿಗೆ ಬಟ್ಟೆ ಕಟ್ಟಿ ಎಡಗೆನ್ನೆಗೆ ಸೋಪು ಬಳಿದಿದ್ದ. ಬಲಗೆನ್ನೆಗೆ ಬ್ರಷ್ಷು ತಿರುಗುವ ಮೊದಲೇ ಮಾಲೀಕ ಬಂದು, ಕ್ಯಾಮೆರಾ ಸಮೇತ ಅವರನ್ನು ಎಳೆದುಕೊಂಡು ಹೋದ.

ಅಂಗಡಿಯಲ್ಲಿ ಈಗ ಟೋಪಿ ಹಾಕಿದ ಉದ್ದನೆಯ ಮನುಷ್ಯನೊಬ್ಬ ಅದೇ ಎರಡು ಕ್ಯಾಮೆರಾ ನೋಡಲು ಬಂದು ನಿಂತಿದ್ದ.

"ಮಕ್ಕಳ ಫೋಟೋಗೆ ಯಾವುದು ಒಳ್ಳೇದು ಸಾರ್?" ಎಂದು ಕೇಳಿದ.

ತಿಳಿದದ್ದನ್ನು ಯಾರಾದರೂ ಕೇಳಿದರೆ ಅಲ್ಲಾಡಬೇಡಿಯವರಿಗೆ ಹಸಿವು ಬಾಯಾರಿಕೆ ಮರೆತುಹೋಗುತ್ತಿತ್ತು. ಕೆನ್ನೆಯ ಸೋಪು ಯಾವ ಲೆಕ್ಕ? "ಮಕ್ಕಳು ನಿಂತಿರ್ತಾರೋ, ಓಡ್ತಿರ್ತಾರೋ?"

"ಎರಡೂ ಮಾಡ್ತಾರೆ. ಒಂದ್ಕಡೆ ನಿಲ್ಲೋದೇ ಇಲ್ಲ."

ಮನೆಯಲ್ಲಿ ತುಂಟರು ಜಾಸ್ತಿ ಇರಬೇಕು ಎಂದು ಇವರಿಗೆ ಕನಿಕರ ಬಂತು. "ದೂರದಲ್ಲಿ ಓಡೋರನ್ನ ಹಿಡಿಯೋಕೆ ಕ್ರಾಪು. ದೂರದ್ದನ್ನ ಹತ್ತಿರ ಎಳ್ಕೊಂಡ ಹಾಗೆ ಕಾಣಿಸುತ್ತೆ."

"ಎಲ್ಲರನ್ನೂ ಒಟ್ಟಿಗೆ ನಿಲ್ಲಿಸಿದ್ರೆ?"

"ಕೂಡುಕುಟುಂಬವೋ? ಹಾಗಾದ್ರೆ ಫುಲ್ ಫ್ರೇಮು. ಮೂಲೇಲಿ ನಿಂತ ಮಗೂನೂ ಬರುತ್ತೆ. ನಿಜ ಹೇಳ್ಬೇಕಂದ್ರೆ ನಿಮ್ಮಂಥೋರಿಗೆ ಎರಡೂ ಬೇಕು."

ಅರ್ಧ ಗಂಟೆ ನಿಂತು ಯಾವ ಗುಂಡಿ ಯಾಕೆ, ಬಿಸಿಲಿಗೆ ಯಾವ ಕಡೆ ಬೆನ್ನು ಹಾಕಬೇಕು ಎಂಬುದನ್ನೆಲ್ಲ ಬಿಡಿಸಿ ಹೇಳಿದರು. ಆತ ಪುಟ್ಟ ಪುಸ್ತಕದಲ್ಲಿ ಶ್ರದ್ಧೆಯಿಂದ ಬರೆದುಕೊಂಡ. ಕೇಳಿ ಕೇಳಿ ಟೈಲರಿಗೆ ಆಕಳಿಕೆ ಬಂತು.

"ಈಗ ನಿಮ್ಮದು ಯಾವುದು, ಅದನ್ನ ಹೇಳಿ" ಎಂದ ಮಾಲೀಕ.

ಅದೊಂದೇ ಅವರಿಗೆ ತೋಚಲಿಲ್ಲ. ಓಟಕ್ಕೆ ಕ್ರಾಪು, ಗುಂಪಿಗೆ ಫುಲ್ಲು. ಇದಿದ್ದರೆ ಅದಿಲ್ಲ, ಅದಿದ್ದರೆ ಇದಿಲ್ಲ. "ಒಂದು ಟೀ ಕುಡಿದು ಬಂದು ಹೇಳ್ತೀನಿ" ಎಂದು ಹೊರಟರು.

ಒಂದು ಟೀ ಮೂರಾಯಿತು. ಮೊದಲನೆಯದಕ್ಕೆ ಕ್ರಾಪು, ಎರಡನೆಯದಕ್ಕೆ ಫುಲ್ಲು, ಮೂರನೆಯದಕ್ಕೆ ಮತ್ತೆ ಕ್ರಾಪು. ಕೊನೆಗೆ ಟೈಲರು ರೇಗಿ, "ನಾಲ್ಕು ನೂರು ಮಕ್ಕಳಲ್ಲಿ ಒಂದೇ ಒಂದು ಮೂಗು ಬಿಟ್ಟುಹೋದ್ರೂ ಅದರ ಅಮ್ಮ ನಿಮ್ಮನ್ನ ಬಿಡ್ತಾಳಾ?" ಎಂದ. ಅದು ನಾಟಿತು. ಫುಲ್ ಫ್ರೇಮೇ ಎಂದು ನಿಶ್ಚಯಿಸಿ, ಜೀವನದಲ್ಲೇ ಮೊದಲ ಬಾರಿಗೆ ಅಲ್ಲಾಡದ ಮನಸ್ಸಿನಿಂದ ಅಂಗಡಿಯ ಮೆಟ್ಟಿಲು ಹತ್ತಿದರು.

ಗಾಜಿನ ಮೇಲೆ ಏನೂ ಇರಲಿಲ್ಲ.

"ಆ ಉದ್ದನೆಯವರು ಎರಡನ್ನೂ ತಗೊಂಡು ಹೋದ್ರು" ಎಂದ ಮಾಲೀಕ, ಹಲ್ಲು ಬಿಡುತ್ತ. "ಎಲ್ಲಾ ನಿಮ್ಮ ಬಾಯಿಯ ಪುಣ್ಯ. ಮುಂದಿನ ಮಾಲು ಬರೋಕೆ ಇಪ್ಪತ್ತು ದಿನ ಆಗುತ್ತೆ."

ಅವರು ಸ್ಟೂಲಿನ ಮೇಲೆ ಕುಸಿದು ಕುಳಿತರು. ಯಾರನ್ನಾದರೂ ಕಾಡಿಬೇಡಿ ಒಂದು ದಿನಕ್ಕೆ ಕ್ಯಾಮೆರಾ ತರಬಹುದೇ ಎಂದು ಯೋಚಿಸುತ್ತಿರುವಾಗ ಹೆಡ್‌ಮಿಸ್ ಫೋನು ಮತ್ತೆ ಬಂತು.

"ನಾಳೆ ನೀವು ಬರೋದು ಬೇಡ. ನಮ್ಮ ಹೊಸ ಡ್ರಿಲ್ ಮೇಷ್ಟ್ರು ಶಾಲೆಗೇ ಅಂತ ಎರಡು ಕ್ಯಾಮೆರಾ ತಂದಿದ್ದಾರೆ, ಅವರೇ ತೆಗೀತಾರೆ. ಅಂಗಡೀಲಿ ಯಾರೋ ಅರ್ಧ ಮುಖಕ್ಕೆ ಸೋಪು ಹಚ್ಕೊಂಡಿರೋ ಸೇಲ್ಸ್‌ಮನ್ ಇದ್ದಾರಂತೆ. ಅರ್ಧ ಗಂಟೇಲಿ ಎಲ್ಲಾ ಕಲಿಸಿಕೊಟ್ರಂತೆ. ಬೇಜಾರು ಮಾಡ್ಕೋಬೇಡಿ, ಒಂದು ಮಾತು ಹೇಳ್ತೀನಿ. ಪುರುಸೊತ್ತಾದಾಗ ಹೋಗಿ ಅವರ ಹತ್ರ ನೀವೂ ಸ್ವಲ್ಪ ಕಲಿತ್ಕೊಳ್ಳಿ."

"ಆಗಲಿ ಮೇಡಂ" ಎಂದರು ಅಲ್ಲಾಡಬೇಡಿಯವರು.