ಮೂರು ತಾಲ್ಲೂಕಿನ ಆರಾಮ

ಬಾಯುಪಚಾರದ ಮಾತನ್ನು ಚಿಕಿತ್ಸೆಯ ಫಲಿತಾಂಶವೆಂದು ದಾಖಲಿಸತಕ್ಕದ್ದಲ್ಲ. ಇದು ಕೊಪ್ಪದ ತ್ರಿತಾಲ್ಲೂಕು ಆರೋಗ್ಯಸೇವಾ ಸಂಶೋಧನಾ ಕೇಂದ್ರದ ಮೊದಲ ನಿಯಮ. ಬರೆದವರು ಡಾ. ಪ್ರಸನ್ನಕುಮಾರ್. ಮುರಿದವರಲ್ಲಿ ಮೊದಲಿಗರೂ ಅವರೇ.

ಚಿಕಿತ್ಸೆ ಪಡೆದವರ ಮನೆಗೆ ಹೋಗಿ "ಈಗ ಹೇಗಿದೀರಿ?" ಎಂದು ಕೇಳುವುದು ಅವರ ಸಂಶೋಧನಾ ವಿಧಾನ. ಬಾಗಿಲಿಗೆ ಬಂದವರು ಹಾಗೆ ಕೇಳಿದರೆ ಈ ಸೀಮೆಯಲ್ಲಿ ಉತ್ತರ ಒಂದೇ: "ಆರಾಮ ಮಾರಾಯ್ರೆ. ಒಳಗೆ ಬನ್ನಿ, ಕಾಫಿ ಕುಡೀರಿ." ಬೇಗಾರು ಎಂಬ ಹಳ್ಳಿಯಲ್ಲಿ ಮುರಿದ ಕಾಲನ್ನು ಹಗ್ಗಕ್ಕೆ ತೂಗುಹಾಕಿಕೊಂಡಿದ್ದವರೂ ಇದನ್ನೇ ಹೇಳಿದರು.

"ಸರ್, ಸಿರಿಮನೆಯವರು ಆರಾಮ ಅನ್ನೋವಾಗಲೂ ಕೆಮ್ತಿದ್ರು," ಎಂದಳು ಸಹಾಯಕಿ ಮುಬಶಿರಾ.

"ಕೆಮ್ಮು ಪ್ರಶ್ನಾವಳಿಯಲ್ಲಿದೆಯೇನಮ್ಮ?"

"ಇಲ್ಲ ಸರ್."

"ಹಾಗಾದರೆ ಕೆಮ್ಮಿಲ್ಲ."

ಈ ಆರಾಮಗಳನ್ನೆಲ್ಲ ಗುಣಮುಖರ ಲೆಕ್ಕಕ್ಕೆ ಸೇರಿಸಿದ ಪ್ರಬಂಧ ಪ್ರಕಟವಾಯಿತು, ಪ್ರಸನ್ನಕುಮಾರರು ಉಪನಿರ್ದೇಶಕರಾದರು. ಇಷ್ಟು ಆರೋಗ್ಯವಂತ ಜನಕ್ಕೆ ಎಕ್ಸ್-ರೇ ಯಂತ್ರವೇಕೆಂದು ಮೇಲಿನವರು ಅದನ್ನು ಬೇರೆ ಜಿಲ್ಲೆಗೆ ಸಾಗಿಸಿದರು. ಯಂತ್ರ ಹೋದ ಮೇಲೆ ಒಂದು ಮೂಳೆಯೂ ಮುರಿದದ್ದು ಕಂಡುಬರಲಿಲ್ಲ. ಮೂಳೆ ಮುರಿತಕ್ಕೆ ಎಕ್ಸ್-ರೇ ಯಂತ್ರವೇ ಕಾರಣವೆಂದು ಸಾಧಿಸಿ ಅವರು ಜಂಟಿ ನಿರ್ದೇಶಕರೂ ಆದರು.

ಆಗ ಹೊರಬಿತ್ತು ಪ್ರಕಟಣೆ: "ಗುಣಮುಖರ ನಡುವೆ ವೈದ್ಯರು ಓಡಾಡುವುದು ಅನಗತ್ಯ ಅನುಮಾನಗಳಿಗೆ ಎಡೆಮಾಡುವುದರಿಂದ, ತಮ್ಮ ರೋಗಿಗಳಲ್ಲಿ ನೂರಕ್ಕೆ ನೂರು ಫಲಿತಾಂಶ ಬಂದ ದಿನವೇ ಆಯಾ ವೈದ್ಯರನ್ನು ಸೇವೆಯಿಂದ ಬಿಡುಗಡೆಗೊಳಿಸತಕ್ಕದ್ದು."

ವೈದ್ಯರು ಒಬ್ಬೊಬ್ಬರಾಗಿ ಜೀಪು ಹತ್ತಿ ಹೋದ ಮೇಲೆ ಉಳಿದದ್ದು ಒಬ್ಬ ರೋಗಿ, ಒಬ್ಬ ವೈದ್ಯ. ನರಸಿಂಹರಾಜಪುರದ ವೀರಬಸಮ್ಮನ ಮುರಿದ ಮುಂಗೈ ಸೊಟ್ಟಗೆ ಕೂಡಿಕೊಂಡು, ರೊಟ್ಟಿ ಬಡಿಯಲು ಆಗುತ್ತಿರಲಿಲ್ಲ. ಅದನ್ನು ಸರಿಪಡಿಸುತ್ತೇನೆಂದಿದ್ದವರು ಮೂಳೆ ಡಾಕ್ಟರ್ ಅರುಣ. ವೀರಬಸಮ್ಮ "ಆರಾಮ" ಎಂದರೆ ನೂರು ತುಂಬುತ್ತದೆ, ಅರುಣ ಜೀಪು ಹತ್ತುತ್ತಾರೆ, ಪ್ರಸನ್ನಕುಮಾರರು ನಿರ್ದೇಶಕರಾಗುತ್ತಾರೆ. ಆ ಕುರ್ಚಿಯ ಗಾಲಿಗಳ ಸದ್ದು ಅವರ ಕಿವಿಗೆ ಆಗಲೇ ಬೀಳತೊಡಗಿತ್ತು.

ಸಮಾರಂಭ ಏರ್ಪಟ್ಟಿತು. ಮುರಿದ ಕೈಯನ್ನು ಬಟ್ಟೆಯ ಜೋಳಿಗೆಯಲ್ಲಿ ಕುತ್ತಿಗೆಗೆ ಕಟ್ಟಿಕೊಂಡ ಗುಣಮುಖರು ಇನ್ನೊಂದು ಕೈಯಿಂದ ತೊಡೆ ತಟ್ಟಿ ಚಪ್ಪಾಳೆ ಪೂರೈಸಿದರು. ಪ್ರಸನ್ನಕುಮಾರರು ಖುದ್ದಾಗಿ ಮೈಕು ಹಿಡಿದು ಕೇಳಿದರು: "ಅಮ್ಮಾ, ಈಗ ಹೇಗಿದೀರಿ?"

"ನೆಟ್ಟಗಿಲ್ಲ."

ಸಭೆ ತಬ್ಬಿಬ್ಬಾಯಿತು. ಪಕ್ಕದಲ್ಲಿ ಊರುಗೋಲಿನ ಮೇಲೆ ಜೋತುಬಿದ್ದಿದ್ದ ಮಂಜಯ್ಯ ಪಿಸುಗುಟ್ಟಿದ: "ಎಂತ ಮಾರಾಯ್ತಿ, ದೊಡ್ಡೋರು ಕೇಳ್ತಿದಾರೆ. ಆರಾಮ ಅಂದ್ಬಿಡು. ನಾವೆಲ್ಲ ಅಂದಿಲ್ವ?"

"ಮನೇಗೆ ಬಂದು ಕೇಳಿದ್ರೆ ನಾನೂ ಅಂತಿದ್ದೆ, ಕಾಫೀನೂ ಕೊಡ್ತಿದ್ದೆ. ಇಲ್ಲಿ ಆರಾಮ ಅಂದ್ರೆ ಡಾಕ್ಟ್ರನ್ನೇ ಕಳಿಸ್ತಾರಲ್ಲ!"

ಪ್ರಸನ್ನಕುಮಾರರು ಮೈಕನ್ನು ತಮ್ಮ ಬಾಯಿಗೆ ತಿರುಗಿಸಿಕೊಂಡರು. "ಇಷ್ಟು ಗಟ್ಟಿಯಾಗಿ ಮಾತಾಡುವವರು ಗುಣಮುಖರೇ," ಎಂದು ಘೋಷಿಸಿದರು. ಸಭೆ ನಿಟ್ಟುಸಿರು ಬಿಟ್ಟು ತೊಡೆ ತಟ್ಟಿತು. ಹಾರ ಬಂತು. ಹೊರಗೆ ಅರುಣರನ್ನು ಒಯ್ಯಲು ಬಂದ ಜೀಪು ಗುರುಗುಟ್ಟಿತು.

ವೀರಬಸಮ್ಮ ಎದ್ದು ಹೊರಗೆ ನಡೆದಳು. ನೆಟ್ಟಗಿದ್ದ ಕೈಯಿಂದ ಅರುಣರ ಬ್ಯಾಗನ್ನು ಜೀಪಿನಿಂದ ಕೆಳಗೆಳೆದು, ಅದರ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು, ಸೊಟ್ಟ ಕೈಯನ್ನು ಅವರ ಮುಂದೆ ಚಾಚಿದಳು.